ಕಡಲೆಕಾಳಿನಷ್ಟು ಕಿಂಡಿ, ನಾಣ್ಯದಷ್ಟು ಕಿಂಡಿ

ಅಕ್ಕನ ಮಗ ಮಣಿಪಾಲದಲ್ಲಿ ಓದುತ್ತಿದ್ದಾನೆ. ಯಕ್ಷಗಾನದ ಫೋಟೊ ತೆಗೆಯುವ ಹುಚ್ಚು ಅವನಿಗೆ. ಮೊನ್ನೆ ಫೋನ್ ಮಾಡಿ, "ಮಾವ, ಕ್ಯಾನನ್ 1500ಡಿ ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3500 ತಗೊಳ್ಳಲಾ? ನಿಕಾನ್‌ನಲ್ಲಿ ಮೆಗಾಪಿಕ್ಸೆಲ್ ಜಾಸ್ತಿ" ಎಂದ. ಒಂದರಲ್ಲಿ 24.1, ಇನ್ನೊಂದರಲ್ಲಿ 24.2! ಈ ಮೆಗಾಪಿಕ್ಸೆಲ್ ಭ್ರಮೆ ನಮ್ಮನ್ನು ಬಿಡುವುದು ಯಾವಾಗ? ಬಯಲಾಟದ ಫೋಟೊ ಕೆಡುವುದು ಪಿಕ್ಸೆಲ್ ಕಮ್ಮಿಯಾಗಿ ಅಲ್ಲ, ಬೆಳಕು ಸಾಲದೆ.

ಬೆಳಕು ಹನಿಹನಿಯಾಗಿ ಬರುತ್ತದೆ. 1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ವಿಚಾರ ಇದು. ಈ ಹನಿಯನ್ನೇ ಈಗ ಫೋಟಾನ್ ಎನ್ನುತ್ತೇವೆ. ಮಳೆ ಶುರುವಾಗುವಾಗ ಅಂಗಳ ನೋಡಿದ್ದೀರಲ್ವಾ? ಒಂದು ಕಡೆ ನಾಲ್ಕು ಹನಿ ಬಿದ್ದರೆ ಪಕ್ಕದಲ್ಲಿ ಒಂದೂ ಇಲ್ಲ. ಜಡಿಮಳೆ ಹಿಡಿದ ಮೇಲೆ ಅಂಗಳವೆಲ್ಲ ಒಂದೇ ಸಮ ಒದ್ದೆ. ಕತ್ತಲೆಯ ಫೋಟೊದಲ್ಲಿ ಮರಳು ಎರಚಿದ ಹಾಗೆ ಕಾಣುತ್ತದಲ್ಲ, ಅದು ಆ ಮೊದಲ ಹನಿಗಳ ಅಂಗಳ. ಲೆಕ್ಕವೂ ಸರಳ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಹನಿ ಬಿದ್ದರೆ ಏರುಪೇರು ಸುಮಾರು 10, ಅಂದರೆ ನೂರಕ್ಕೆ ಹತ್ತು. 10,000 ಬಿದ್ದರೆ ಏರುಪೇರು 100, ನೂರಕ್ಕೆ ಒಂದೇ. ವರ್ಗಮೂಲದ ಈ ನಿಯಮವನ್ನು ಯಾವ ಕಂಪನಿಯೂ ಮೀರಲಾರದು.

ಐಎಸ್‌ಒ, ಅಂದರೆ ಸಿಕ್ಕ ಬೆಳಕನ್ನು ಹಿಗ್ಗಿಸಿ ತೋರಿಸುವ ಕ್ಯಾಮೆರಾದ ಸೆಟ್ಟಿಂಗ್, ಏರಿಸಿದರೆ ಆಯಿತು ಎನ್ನುವವರಿದ್ದಾರೆ. ಭಾಗವತರ ದನಿ ಮೈಕಿಗೆ ಸರಿಯಾಗಿ ಸಿಗದಿದ್ದಾಗ ವಾಲ್ಯೂಮ್ ತಿರುಗಿಸಿ ನೋಡಿ. ಪದದ ಜೊತೆಗೆ ಗೊರಗೊರ ಸದ್ದೂ ದೊಡ್ಡದಾಗುತ್ತದೆ. ಐಎಸ್‌ಒ ಮಾಡುವುದೂ ಅಷ್ಟೇ, ಒಂದು ಹನಿ ಬೆಳಕನ್ನೂ ಅದು ಹೊಸದಾಗಿ ತರುವುದಿಲ್ಲ.

ಬೆಳಕು ತರುವುದು ಲೆನ್ಸಿನ ಕಿಂಡಿ. ಕ್ಯಾಮೆರಾ ಜೊತೆ ಬರುವ 18-55 ಎಂಎಂ ಕಿಟ್ ಲೆನ್ಸನ್ನು 55ಕ್ಕೆ ಎಳೆದರೆ ಎಫ್ 5.6 (ಎಫ್ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು). 55ನ್ನು 5.6ರಿಂದ ಭಾಗಿಸಿ: ಕಿಂಡಿ ಹೆಚ್ಚುಕಮ್ಮಿ 10 ಮಿಲಿಮೀಟರ್, ದಪ್ಪ ಕಡಲೆಕಾಳಿನಷ್ಟು. 50 ಎಂಎಂ ಎಫ್ 1.8 ಲೆನ್ಸಿನಲ್ಲಿ ಅದೇ ಕಿಂಡಿ ಸುಮಾರು 28 ಮಿಲಿಮೀಟರ್, ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದು ಗೆರೆ ದೊಡ್ಡದು. ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬೀಳುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು! ಪುಂಡುವೇಷ ಧೀಂಗಿಣ ಹೊಡೆಯುವಾಗ, ಅಂದರೆ ಹಾರಿ ಸುತ್ತುವಾಗ, ಸೆಕೆಂಡಿನ 50ನೇ ಒಂದು ಭಾಗ ಶಟರ್ ತೆರೆದಿದ್ದರೆ ಬರೀ ಬಣ್ಣದ ಗೆರೆ ಸಿಗುತ್ತದೆ. ಅಷ್ಟೇ ಬೆಳಕನ್ನು ಈ ಎಫ್ 1.8 ಲೆನ್ಸ್ 500ನೇ ಒಂದು ಭಾಗದಲ್ಲಿ ಹಿಡಿಯುತ್ತದೆ. ವೇಷ ಗಾಳಿಯಲ್ಲಿ ನಿಂತುಬಿಡುತ್ತದೆ.

ಇನ್ನು ಬಾಡಿಗಳ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ, ವಿಷಯ. ನಿಕಾನ್ ಸೆನ್ಸರ್ 23.5×15.6, ಕ್ಯಾನನ್ 22.3×14.9 ಮಿಲಿಮೀಟರ್. ನಿಕಾನ್‌ನದು ನೂರಕ್ಕೆ ಹತ್ತರಷ್ಟು ದೊಡ್ಡದು. ಲೆನ್ಸಿನ ಹತ್ತು ಪಟ್ಟಿನ ಮುಂದೆ ಇದೇನೂ ಅಲ್ಲ. ಬ್ಯಾಟರಿಯಲ್ಲಿ ಮಾತ್ರ ನಿಕಾನ್ ಬಹಳ ಮುಂದೆ: ಕಂಪನಿ ಲೆಕ್ಕದಲ್ಲಿ 1550 ಫೋಟೊ, ಕ್ಯಾನನ್‌ಗೆ 500. ಬೆಳಗಿನವರೆಗಿನ ಆಟಕ್ಕೆ ಇದು ಬೇಕಾಗುತ್ತದೆ.

ಆದರೆ ಹಳೆಯ ಲೆನ್ಸ್ ಹುಡುಕುವಾಗ ಒಂದು ಚರಿತ್ರೆ ಗೊತ್ತಿರಬೇಕು. ಕ್ಯಾನನ್ 1987ರಲ್ಲಿ ಹಳೆಯ ಮೌಂಟ್ (ಲೆನ್ಸ್ ಬಾಡಿಗೆ ಕೂರುವ ಜಾಗ) ಬಿಟ್ಟು, ಫೋಕಸ್ ಮೋಟಾರನ್ನು ಲೆನ್ಸಿನೊಳಗೇ ಇಟ್ಟಿತು. ಹಳೆಯ ಲೆನ್ಸ್ ಹೊಸ ಬಾಡಿಗೆ ಕೂರದೆ ಹಳಬರಿಗೆ ಆಗ ಸಿಟ್ಟು ಬಂದಿತ್ತು. ನಿಕಾನ್ 1959ರ ಮೌಂಟನ್ನೇ ಉಳಿಸಿಕೊಂಡಿತು, ಆದರೆ ಅದರ ಎಷ್ಟೋ ಹಳೆಯ ಆಟೋಫೋಕಸ್ ಲೆನ್ಸ್‌ಗಳಿಗೆ ಮೋಟಾರು ಬಾಡಿಯಲ್ಲಿರಬೇಕು. ಡಿ3500ರಲ್ಲಿ ಆ ಮೋಟಾರ್ ಇಲ್ಲ. ಲೆನ್ಸ್ ಕೂರುತ್ತದೆ, ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ಎಎಫ್-ಎಸ್ ಎಂದು ಬರೆದದ್ದನ್ನೇ ತಗೋ, ಅದರಲ್ಲಿ ಮೋಟಾರ್ ಲೆನ್ಸಿನೊಳಗೇ ಇರುತ್ತದೆ ಎಂದೆ.

"ಹಾಗಾದರೆ ದೊಡ್ಡಪ್ಪ ಬೊಂಬಾಯಿಯಿಂದ ತಂದ ಲೆನ್ಸ್?" ಎಂದು ಕೇಳಿದ. ಅದು ಇಪ್ಪತ್ತು ಮಳೆಗಾಲ ಕಪಾಟಿನಲ್ಲೇ ಕಳೆದಿದೆ. ಹಿಂದಿನಿಂದ ಟಾರ್ಚ್ ಹಾಕಿ ನೋಡು ಎಂದೆ. ಒಳಗಿನ ಗಾಜಿನ ತುಂಬ ಜೇಡರ ಬಲೆಯಂಥ ಎಳೆಗಳು. ಕರಾವಳಿಯ ತೇವಕ್ಕೆ ಬಂದ ಬೂಸ್ಟು. ಈಗ ಅವನು ಹೊಸ ಲೆನ್ಸಿಗೂ ಮೊದಲು ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ತಂದಿಟ್ಟಿದ್ದಾನೆ.