ಮಗುವಿನ ಮೂಗಿನಲ್ಲಿ ಕೈಬದಲಾಗುವ ಜೀನ್‌ಗಳು

ಜ್ವರವಿಲ್ಲ, ಕೆಮ್ಮಿಲ್ಲ, ಮನೆತುಂಬ ಓಡಾಡಿಕೊಂಡಿರುವ ಎರಡು ವರ್ಷದ ಮಗು. ಅದರ ಮೂಗಿನ ಹಿಂಭಾಗದಿಂದ ಸ್ವಾಬ್ ತೆಗೆದು ನೋಡಿದರೆ ನ್ಯುಮೋಕಾಕಸ್ ಸಿಗುವುದು ತೀರಾ ಸಾಮಾನ್ಯ. ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾ ಇದೇ. ಆದರೆ ಬಹುಪಾಲು ಮಕ್ಕಳಲ್ಲಿ ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನಿದ್ದು ಹೋಗುತ್ತದೆ. ಒಂದೇ ಮೂಗಿನಲ್ಲಿ ಎರಡು ಮೂರು ತಳಿಗಳು ಒಟ್ಟಿಗೇ ಇರುವುದೂ ಉಂಟು.

ಕಣ್ಣಿಡಬೇಕಾದದ್ದು ಈ ಸಹವಾಸದ ಮೇಲೆ. ಸತ್ತ ನೆರೆಯವರಿಂದ ಹೊರಬಿದ್ದ ಡಿಎನ್‌ಎ ತುಣುಕುಗಳನ್ನು ಒಳಗೆಳೆದುಕೊಂಡು ತನ್ನದಾಗಿಸಿಕೊಳ್ಳುವ ಶಕ್ತಿ ನ್ಯುಮೋಕಾಕಸ್‌ಗಿದೆ. 1928ರಲ್ಲಿ ಬ್ರಿಟನ್ನಿನ ಫ್ರೆಡರಿಕ್ ಗ್ರಿಫಿತ್, ಹೊರಮೈಯಲ್ಲಿ ಕವಚವಿಲ್ಲದ, ಹಾಗಾಗಿ ಇಲಿಗಳನ್ನು ಕೊಲ್ಲದ ಜೀವಂತ ನ್ಯುಮೋಕಾಕಸ್‌ಗಳನ್ನೂ ಕಾಯಿಸಿ ಕೊಂದ ಕವಚಧಾರಿಗಳನ್ನೂ ಬೆರೆಸಿ ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು, ಅವುಗಳ ರಕ್ತದಲ್ಲಿ ಕವಚ ಹೊತ್ತ ಜೀವಂತ ಬ್ಯಾಕ್ಟೀರಿಯಾ ಸಿಕ್ಕವು. ಹೀಗೆ ದಾಟಿಹೋದದ್ದು ಡಿಎನ್‌ಎ ಎಂದು 1944ರಲ್ಲಿ ಏವರಿ, ಮೆಕ್‌ಲಿಯಾಡ್ ಮತ್ತು ಮೆಕಾರ್ಟಿ ತೋರಿಸಿಕೊಟ್ಟರು. ಅಂದು ಪ್ರಯೋಗಕ್ಕೆಂದು ಇಲಿಯಲ್ಲಿ ಮಾಡಿದ್ದು ಮಕ್ಕಳ ಮೂಗಿನಲ್ಲಿ ತಾನಾಗಿಯೇ ನಡೆಯುತ್ತಿರುತ್ತದೆ.

ಈ ಬ್ಯಾಕ್ಟೀರಿಯಾದ ಸಕ್ಕರೆಯ ಕವಚದಲ್ಲಿ ಸುಮಾರು 100 ಬಗೆಗಳಿವೆ. ಕವಚ ಕಟ್ಟುವ ಜೀನ್‌ಗಳೆಲ್ಲ ಬಹುತೇಕ ಒಂದೇ ಕಡೆ ಸಾಲಾಗಿರುವುದರಿಂದ ಒಂದೇ ಏಟಿಗೆ ಅಷ್ಟೂ ಬದಲಾಗಿ, ಅಂಗಿ ಬದಲಿಸಿದಂತೆ ಹೊರರೂಪವೇ ಬೇರೆಯಾಗಬಲ್ಲದು. ಪೆನಿಸಿಲಿನ್‌ಗೆ ಬಗ್ಗದ ಗುಣವೂ ಹೀಗೆಯೇ ಬಂದದ್ದು. ಔಷಧ ಹೋಗಿ ಅಂಟಿಕೊಳ್ಳುವುದು ಕೋಶಭಿತ್ತಿ ಕಟ್ಟುವ ಪ್ರೋಟೀನುಗಳಿಗೆ. ಅವುಗಳ ಜೀನ್‌ಗಳಿಗೆ ಸ್ಟ್ರೆಪ್ಟೋಕಾಕಸ್ ಮೈಟಿಸ್‌ನಂಥ ಸಾಧು ನೆಂಟರ ತುಣುಕುಗಳು ಸೇರಿ ಪ್ರೋಟೀನಿನ ಆಕಾರ ಬದಲಾಯಿತು, ಔಷಧದ ಹಿಡಿತ ಸಡಿಲಾಯಿತು. ವೈರಸ್‌ನಿಂದ ಬಂದ ಬರಿಯ ನೆಗಡಿಗೆ ಆ್ಯಂಟಿಬಯೋಟಿಕ್ ಕುಡಿಸಿದಾಗ ವೈರಸ್‌ಗೆ ಏನೂ ಆಗುವುದಿಲ್ಲ. ಮೂಗಿನಲ್ಲಿ ಇಂಥ ನಿರೋಧಕ ತಳಿಗಳಿಗೆ ಜಾಗ ತೆರವಾಗುತ್ತದೆ. ಹಾಗೆ ಔಷಧ ಕೊಡುವುದನ್ನು ನೋಡಿದಾಗಲೆಲ್ಲ ನನಗೆ ಕಳವಳವಾಗುತ್ತದೆ.

ಥಾಯ್ಲೆಂಡ್–ಮ್ಯಾನ್ಮಾರ್ ಗಡಿಯ ಮೇಲಾ ನಿರಾಶ್ರಿತರ ಶಿಬಿರದಲ್ಲಿ ಶಿಶುಗಳು ಮತ್ತು ತಾಯಂದಿರ ಮೂಗಿನಿಂದ ಸಂಗ್ರಹಿಸಿದ 3,085 ನ್ಯುಮೋಕಾಕಸ್‌ಗಳ ಜೀನೋಮ್ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಡಿಎನ್‌ಎ ಕೊಡುವುದರಲ್ಲೂ ಪಡೆಯುವುದರಲ್ಲೂ ಎಲ್ಲರಿಗಿಂತ ಮುಂದಿದ್ದದ್ದು ಕವಚದ ಬಗೆ ಗುರುತಿಸಲಾಗದ ತಳಿಗಳು. ಇವು ಗಂಭೀರ ಕಾಯಿಲೆ ತರುವುದು ಅಪರೂಪ. ಆಸ್ಪತ್ರೆಗೆ ಬಂದ ರೋಗಿಗಳ ರಕ್ತವನ್ನಷ್ಟೇ ಪರೀಕ್ಷಿಸುತ್ತಿದ್ದರೆ ಇವು ಕಣ್ಣಿಗೇ ಬೀಳುತ್ತಿರಲಿಲ್ಲ.

ಲಸಿಕೆಗೂ ಇದಕ್ಕೂ ನೇರ ನಂಟಿದೆ. ಅಮೆರಿಕದಲ್ಲಿ 2000ದಲ್ಲಿ ಏಳು ಬಗೆಯ ಕವಚಗಳ ವಿರುದ್ಧ ಲಸಿಕೆ ಬಂದು ಆ ಏಳು ಬಗೆಗಳಿಂದಾಗುವ ಕಾಯಿಲೆ ಗಣನೀಯವಾಗಿ ಇಳಿಯಿತು. ಆದರೆ ಲಸಿಕೆಯಲ್ಲಿಲ್ಲದ 19ಎ ಬಗೆ ಹೆಚ್ಚಿತು. ಅವುಗಳಲ್ಲಿ ಕೆಲವು, ಲಸಿಕೆಯಲ್ಲಿದ್ದ 4ನೇ ಬಗೆಯವೇ 19ಎ ಕವಚದ ಜೀನ್‌ಗಳನ್ನು ಪಡೆದು ರೂಪ ಬದಲಿಸಿಕೊಂಡಂಥವು. ಮುಂದಿನ ಲಸಿಕೆಗಳಲ್ಲಿ 19ಎ ಸೇರಿತು. ಭಾರತದಲ್ಲಿ 2017ರಿಂದ ಹಂತಹಂತವಾಗಿ ಬಂದ ಪಿಸಿವಿ ಎಂಬ ನ್ಯುಮೋಕಾಕಸ್ ಲಸಿಕೆ 2021ರಿಂದ ದೇಶವ್ಯಾಪಿಯಾಗಿದೆ: ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಒಂದೊಂದು ಡೋಸ್. ನ್ಯುಮೋಕಾಕಸ್ ಜೀನೋಮ್‌ಗಳನ್ನು ಓದುವ ಜಾಗತಿಕ ಯೋಜನೆಯಲ್ಲಿ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ (ಕಿಮ್ಸ್) ಸಂಶೋಧನಾಲಯವೂ ಪಾಲ್ಗೊಂಡಿದೆ. ಇಲ್ಲಿನ ಮಕ್ಕಳ ಮೂಗಿನಲ್ಲಿ ಯಾವ ಕವಚ ಕಡಿಮೆಯಾಗುತ್ತಿದೆ, ಯಾವುದು ತಲೆಯೆತ್ತುತ್ತಿದೆ ಎಂಬುದನ್ನು ನೋಡಿಯೇ ಮುಂದಿನ ಲಸಿಕೆಯಲ್ಲಿ ಏನಿರಬೇಕೆಂದು ನಿರ್ಧರಿಸಬೇಕು.