ಆದಿಕಾಂಡದಲ್ಲಿ ಸೃಷ್ಟಿಯ ಕಥೆ ಎರಡು ಸಲ ಬರುವುದೇಕೆ?

ಪ್ರಶ್ನೆ: ಸಂಡೇ ಸ್ಕೂಲ್ ಬಿಟ್ಟು ಎಷ್ಟೋ ವರ್ಷಗಳ ಮೇಲೆ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡವನ್ನು ಮೊದಲಿನಿಂದ ಓದುತ್ತಿದ್ದೇನೆ. ಒಂದನೆಯ ಅಧ್ಯಾಯದಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ ಬರುತ್ತಾನೆ. ಎರಡನೆಯದರಲ್ಲಿ ಮನುಷ್ಯನಾದ ಮೇಲೆ ಪ್ರಾಣಿಗಳು. ಯಾವುದು ಸರಿ?

ಉತ್ತರ: ನೀವು ಸರಿಯಾಗಿಯೇ ಓದಿದ್ದೀರಿ. ಅಲ್ಲಿರುವುದು ಎರಡು ಕಥೆಗಳು. ಮೊದಲನೆಯದು ಎರಡನೆಯ ಅಧ್ಯಾಯದ ಆರಂಭದವರೆಗೂ ಸಾಗಿ, ನಾಲ್ಕನೆಯ ವಚನದ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಂದ ಇನ್ನೊಂದು ಶುರುವಾಗುತ್ತದೆ. ಮಕ್ಕಳಿಗೆ ಎರಡನ್ನೂ ಬೆಸೆದು ಹೇಳುವುದರಿಂದ ನಮ್ಮ ನೆನಪಿನಲ್ಲಿ ಒಂದೇ ಉಳಿದಿರುತ್ತದೆ.

ಬಿಡಿಸಿ ಓದಿದರೆ ಎರಡರ ಚಹರೆಯೇ ಬೇರೆ. ಮೊದಲನೆಯದರ ಆರಂಭದಲ್ಲಿ ಎಲ್ಲೆಲ್ಲೂ ನೀರು, ಕತ್ತಲೆ. ದೇವರು ಮಾತನಾಡುತ್ತಾನೆ, ಅದು ಆಗುತ್ತದೆ. ಆರನೆಯ ದಿನ ಗಂಡು ಹೆಣ್ಣು ಇಬ್ಬರೂ ಒಟ್ಟಿಗೇ, ದೇವರ ಸ್ವರೂಪದಲ್ಲಿಯೇ ಉಂಟಾಗುತ್ತಾರೆ. ಎರಡನೆಯದರಲ್ಲಿ ಮಳೆಯನ್ನೇ ಕಾಣದ ಒಣ ನೆಲ. ಇಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಉಸಿರೂದುತ್ತಾನೆ, ತೋಟ ನೆಡುತ್ತಾನೆ, ತಂಗಾಳಿಯ ಹೊತ್ತಿನಲ್ಲಿ ಅದರಲ್ಲಿ ಓಡಾಡುತ್ತಾನೆ. ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲವೆಂದು ಪ್ರಾಣಿಗಳನ್ನು ಉಂಟುಮಾಡಿ ಅವನ ಮುಂದೆ ತರುತ್ತಾನೆ. ಯಾವುದೂ ತಕ್ಕ ಜೊತೆಯಾಗದಿದ್ದಾಗ ಪಕ್ಕೆಲುಬಿನಿಂದ ಹೆಣ್ಣು ಬರುತ್ತಾಳೆ.

ದೇವರನ್ನು ಕರೆಯುವ ರೀತಿಯೂ ಬೇರೆ: ಮೊದಲನೆಯದರಲ್ಲಿ ‘ದೇವರು’, ಎರಡನೆಯದರಲ್ಲಿ ‘ಯೆಹೋವ ದೇವರು’. ಜಾನ್ ಆಸ್ಟ್ರುಕ್ ಎಂಬ ಫ್ರೆಂಚ್ ವೈದ್ಯ ಈ ಭೇದವನ್ನು ಹಿಡಿದು, ಇಲ್ಲಿ ಬೇರೆ ಬೇರೆ ಮೂಲಗಳು ಸೇರಿವೆಯೆಂದು ವಾದಿಸಿ 1753ರಲ್ಲಿ ತನ್ನ ಹೆಸರಿಲ್ಲದೆ ಪುಸ್ತಕ ಪ್ರಕಟಿಸಿದ. ಮೊದಲ ಕಥೆ ಯಾಜಕರ ವಲಯದಲ್ಲಿ, ಕ್ರಿ.ಪೂ. 6ನೆಯ ಶತಮಾನದಲ್ಲಿ ಬಾಬಿಲೋನಿನವರು ಯೆಹೂದ್ಯರನ್ನು ಸೋಲಿಸಿ ಸೆರೆಯೊಯ್ದಿದ್ದ ಕಾಲದ ಆಸುಪಾಸಿನಲ್ಲಿ ರೂಪುಗೊಂಡಿತೆಂಬುದು ಇಂದು ಹಲವು ವಿದ್ವಾಂಸರ ಅಭಿಪ್ರಾಯ. ಎರಡನೆಯದರ ಕಾಲದ ಬಗ್ಗೆ ಒಮ್ಮತವಿಲ್ಲ.

ಈ ಹಿನ್ನೆಲೆ ತಿಳಿದಾಗ ಮೊದಲ ಅಧ್ಯಾಯದ ಧೈರ್ಯ ಕಾಣುತ್ತದೆ. ಬಾಬಿಲೋನಿನ ಕಥೆಯಲ್ಲಿ ಮಾರ್ದುಕ್ ದೇವನು ಸಮುದ್ರದೇವತೆ ತಿಯಾಮತಳನ್ನು ಕೊಂದು, ಅವಳ ದೇಹವನ್ನು ಸೀಳಿ ಆಕಾಶ ಮಾಡುತ್ತಾನೆ. ದೇವತೆಗಳ ದುಡಿಮೆಯನ್ನು ಹೊರಲು ಮನುಷ್ಯರು ಹುಟ್ಟುತ್ತಾರೆ. ಆದಿಕಾಂಡದಲ್ಲಿ ಯುದ್ಧವಿಲ್ಲ, ರಕ್ತವಿಲ್ಲ. ಸುತ್ತಲಿನವರು ಪೂಜಿಸುತ್ತಿದ್ದ ಸೂರ್ಯಚಂದ್ರರು ನಾಲ್ಕನೆಯ ದಿನ ಬರುತ್ತಾರೆ, ಅದೂ ಹೆಸರಿಲ್ಲದೆ, ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದಷ್ಟೇ. ಸೋತು ಊರು ಕಳೆದುಕೊಂಡ ಜನ, ಗೆದ್ದವರ ದೇವರುಗಳು ಬರಿಯ ದೀಪಗಳೆಂದು ಹೇಳುತ್ತಿದ್ದಾರೆ ಎಂದುಕೊಂಡು ಓದಿ ನೋಡಿ. ನನಗೆ ಇಡೀ ಅಧ್ಯಾಯದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ.

ಸೂರ್ಯನೇ ಇಲ್ಲದೆ ಮೊದಲ ಮೂರು ದಿನ ಸಂಜೆ, ಬೆಳಗು ಆದದ್ದು ಹೇಗೆ ಎಂಬ ಪ್ರಶ್ನೆಯೂ ನಿಮಗೆ ಬಂದೀತು. ಅದನ್ನು 3ನೆಯ ಶತಮಾನದಲ್ಲೇ ಕ್ರೈಸ್ತ ಚಿಂತಕ ಒರಿಗೆನ್ ಎತ್ತಿದ್ದರು, ಮುಂದೆ ಇನ್ನೊಬ್ಬ ಕ್ರೈಸ್ತ ಚಿಂತಕ ಅಗಸ್ಟೀನರೂ ಚರ್ಚಿಸಿದರು. ಪ್ರಶ್ನೆ ಕೇಳಿದರೆ ನಂಬಿಕೆ ಕಡಿಮೆಯಾದೀತೆಂದು ಅವರು ಹೆದರಲಿಲ್ಲ.

ಹಾಗಾದರೆ ಯಾವುದು ಸರಿ? ಎರಡನ್ನೂ ಒಂದೇ ಸುರುಳಿಯಲ್ಲಿ ಜೋಡಿಸಿದವರಿಗೆ ಈ ವ್ಯತ್ಯಾಸ ಕಾಣದೆ ಇರಲಿಲ್ಲ. ಒಂದನ್ನು ಅಳಿಸುವುದು ಸುಲಭವಿತ್ತು, ಅಳಿಸಲಿಲ್ಲ. ಒಂದರಲ್ಲಿ ಲೋಕದ ಕ್ರಮ, ಇನ್ನೊಂದರಲ್ಲಿ ಮನುಷ್ಯನ ಒಂಟಿತನ ಮತ್ತು ಮಣ್ಣಿನ ನಂಟು. ಎರಡೂ ಬೇಕೆಂದು ಅವರಿಗೆ ಅನ್ನಿಸಿರಬೇಕು. ಯಾವುದು ಮೊದಲು ಹುಟ್ಟಿತೆಂಬ ಪಟ್ಟಿ ಬೇಕಿದ್ದರೆ ಇವೆರಡೂ ಅದನ್ನು ಕೊಡಲಾರವು.

ಮುಂದುವರಿದು ಓದುವಾಗ ಮೂರನೆಯ ಅಧ್ಯಾಯದಲ್ಲಿ ಸೇಬು ಎಲ್ಲಿದೆ, ಸರ್ಪವನ್ನು ಸೈತಾನನೆಂದು ಎಲ್ಲಿ ಕರೆದಿದೆ ಎಂದು ಹುಡುಕಿ, ಎರಡೂ ಸಿಗುವುದಿಲ್ಲ. ಒಂದನೆಯ ಅಧ್ಯಾಯದ 29, 30ನೆಯ ವಚನಗಳಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಸಸ್ಯಾಹಾರವನ್ನಷ್ಟೇ ಕೊಡಲಾಗಿದೆ. ಮಾಂಸಕ್ಕೆ ಅನುಮತಿ ಸಿಗುವುದು ಜಲಪ್ರಳಯದ ನಂತರ, ನೋಹನ ಕಾಲದಲ್ಲಿ. ಆಮೇಲೆ ಬೈಬಲಿನಲ್ಲೇ ಇರುವ ಕೀರ್ತನೆಗಳ ಪುಸ್ತಕದ 104ನೆಯ ಕೀರ್ತನೆಗೆ ಬನ್ನಿ. ಅದೂ ಸೃಷ್ಟಿಯನ್ನೇ ಹಾಡುತ್ತದೆ. ಆದರೆ ಅಲ್ಲಿ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸುತ್ತಾ ದೇವರಿಂದಲೇ ಆಹಾರ ಕೇಳುತ್ತವೆ.