ಗಂಡ ತೀರಿಕೊಂಡು ಆರು ವರ್ಷವಾಯಿತು, ಪಿಎಫ್ ಪೆನ್ಷನ್ ಕೇಳಿಯೇ ಇಲ್ಲ. ಈಗ ಸಿಗುತ್ತಾ?

ಸಿಗುತ್ತದೆ. ಪಿಎಫ್ ದುಡ್ಡೂ ಎಲ್ಲಿಗೂ ಹೋಗಿಲ್ಲ. ಸದಸ್ಯ ತೀರಿಕೊಂಡ ಮೇಲೆ 36 ತಿಂಗಳು ಯಾರೂ ಅರ್ಜಿ ಹಾಕದಿದ್ದರೆ ಖಾತೆ ನಿಷ್ಕ್ರಿಯವಾಗಿ ಬಡ್ಡಿ ನಿಲ್ಲುತ್ತದೆ, ಅಷ್ಟೇ. ಅಸಲೂ ಅಲ್ಲಿಯವರೆಗಿನ ಬಡ್ಡಿಯೂ ಹಾಗೇ ಇರುತ್ತವೆ.

ಈ ಉತ್ತರ ಕೊಟ್ಟ ತಕ್ಷಣ ಬರುವ ಮಾತು: "ಅವರದು ನಾಲ್ಕೇ ವರ್ಷ ಸರ್ವಿಸ್. ಹತ್ತು ವರ್ಷ ತುಂಬಿಲ್ಲ, ಪೆನ್ಷನ್ ಬರಲ್ಲ ಅಂದರು." ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ, ಆದ್ದರಿಂದ ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ. ಹತ್ತು ವರ್ಷದ ಷರತ್ತು ನೌಕರ ತಾನೇ ಬದುಕಿದ್ದು ಪೆನ್ಷನ್ ಪಡೆಯುವುದಕ್ಕೆ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಹೆಂಡತಿಯ ಪೆನ್ಷನ್‌ಗೆ ಒಂದೇ ಒಂದು ತಿಂಗಳ ವಂತಿಗೆ ಸಾಕು. 1995ರ ನೌಕರರ ಪಿಂಚಣಿ ಯೋಜನೆಯಲ್ಲೇ ಹೀಗಿದೆ. ತೀರಿಕೊಂಡವರು ಹೆಂಡತಿಯಾಗಿದ್ದರೆ ಗಂಡನಿಗೂ ಇದೇ ನಿಯಮ.

ಅವರ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ನೌಕರರ ಪಾಲು, ಮಾಲೀಕರ ಪಾಲು ಆದಮೇಲೆ ಪಿಂಚಣಿ ವಂತಿಗೆಯ ಕಾಲಂ ಇರುತ್ತದೆ. 15,000 ಅಥವಾ ಅದಕ್ಕಿಂತ ಹೆಚ್ಚು ಸಂಬಳದವರಿಗೆ ಅಲ್ಲಿ ಸಾಮಾನ್ಯವಾಗಿ ತಿಂಗಳಿಗೆ 1,250 ಕಾಣುತ್ತದೆ, ಅಂದರೆ 15,000ದ ಶೇ 8.33. ಆ ಕಾಲಂನಲ್ಲಿ ಒಂದು ಸಾಲು ಬಿದ್ದಿದ್ದರೂ ಹಕ್ಕು ಹುಟ್ಟಿದೆ.

ಪೆನ್ಷನ್ ತಿಂಗಳಿಗೆ ಕನಿಷ್ಠ 1,000 ರೂಪಾಯಿ. ಸಂಬಳದ ಮೇಲೆ ಹೆಚ್ಚಾಗಬಹುದು. 25 ವರ್ಷದೊಳಗಿನ ಮಕ್ಕಳಲ್ಲಿ ಒಂದು ಸಲಕ್ಕೆ ಇಬ್ಬರಿಗೆ ತಲಾ ಅದರ ಕಾಲು ಭಾಗ, ಕನಿಷ್ಠ 250. ಲೆಕ್ಕ ಶುರುವಾಗುವುದು ಅರ್ಜಿ ಕೊಟ್ಟ ದಿನದಿಂದಲ್ಲ, ತೀರಿಕೊಂಡ ಮರುದಿನದಿಂದ. ಇಬ್ಬರು ಮಕ್ಕಳಿರುವ ಮನೆಗೆ ಕನಿಷ್ಠ 1,500ರಂತೆ 72 ತಿಂಗಳು ಹಿಡಿದರೂ ಬಾಕಿಯೇ 1,08,000 ಆಯಿತು. ಹತ್ತು ವರ್ಷದ ಮಾತು ನಂಬಿ ಬಿಟ್ಟುಕೊಡುವ ದುಡ್ಡು ಇದು.

ನಿಜವಾದ ಎಡವಟ್ಟು ಬೇರೆ ಕಡೆ ಇದೆ. ಕಂಪನಿಯವರು ಆನ್‌ಲೈನ್‌ನಲ್ಲಿ ಕೆಲಸ ಬಿಟ್ಟ ಕಾರಣದ ಜಾಗದಲ್ಲಿ 'ಸೇವೆಯಲ್ಲಿರುವಾಗ ಮರಣ' ಎನ್ನುವ ಬದಲು ರಾಜೀನಾಮೆ ಎಂದು ನಮೂದಿಸಿದರೆ ಇಡೀ ಕಡತ ದಾರಿ ತಪ್ಪುತ್ತದೆ. ಮೊದಲು ಅದನ್ನು ತಿದ್ದಿಸಿ. ಹಾಗೆಯೇ ಯಾರಾದರೂ ಫಾರ್ಮ್ 10-ಸಿ ಕೊಟ್ಟು ಸಹಿ ಹಾಕಿ ಎಂದರೆ ಹಾಕಬೇಡಿ. ಅದು ಪೆನ್ಷನ್ ಬದಲು ಒಂದೇ ಗಂಟಿನಲ್ಲಿ ಹಣ ವಾಪಸ್ ಪಡೆಯುವ ಫಾರ್ಮ್. ನಿಮಗೆ ಬೇಕಾದವು ಮೂರು: ಪಿಎಫ್‌ಗೆ ಫಾರ್ಮ್ 20, ಪೆನ್ಷನ್‌ಗೆ 10-ಡಿ, ವಿಮೆಗೆ 5-ಐಎಫ್. ವಿಮೆ ಎಂದರೆ ಮಾಲೀಕರೇ ಕಂತು ಕಟ್ಟುವ ಇಡಿಎಲ್‌ಐ, ಗರಿಷ್ಠ 7 ಲಕ್ಷ. ನೌಕರರ ಸಂಬಳದಿಂದ ಕಂತು ಕಡಿತವಾಗದ ಕಾರಣ ಮನೆಯವರಿಗೆ ಅದಿದೆ ಎಂದೇ ಗೊತ್ತಿರುವುದಿಲ್ಲ.

ಜತೆಗೆ ಮರಣ ಪ್ರಮಾಣಪತ್ರ, ಆಧಾರ್, ನಿಮ್ಮ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಫೋಟೋ, ಮಕ್ಕಳ ಜನನ ಪ್ರಮಾಣಪತ್ರ ಇಡಿ. ನಮ್ಮ ಕಡೆ ಇನಿಷಿಯಲ್ ಒಂದು ದಾಖಲೆಯಲ್ಲಿ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ. ಅಷ್ಟಕ್ಕೇ ಅರ್ಜಿ ವಾಪಸ್ ಬರುತ್ತದೆ, ಮೊದಲೇ ಹೊಂದಿಸಿ. ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ಸದಸ್ಯತ್ವದ ಸಂಖ್ಯೆ, ಅಂದರೆ ಯುಎಎನ್, ಬಂದದ್ದು 2014ರಲ್ಲಿ. ಅದಕ್ಕೂ ಮೊದಲು ತೀರಿಕೊಂಡವರದಾದರೆ ಹಳೇ ಸಂಬಳದ ಚೀಟಿಯಲ್ಲಿರುವ ಪಿಎಫ್ ನಂಬರ್ ಬೇಕು. ಕಂಪನಿ ಮುಚ್ಚಿಹೋಗಿದ್ದರೆ ಗೆಜೆಟೆಡ್ ಅಧಿಕಾರಿಯ ದೃಢೀಕರಣದೊಂದಿಗೆ ಅರ್ಜಿಯನ್ನು ನೇರವಾಗಿ ಪಿಎಫ್ ಕಚೇರಿಗೆ ಕೊಡಬಹುದು.

ಸಾಯುವ ಮೊದಲೇ ಕೆಲಸ ಬಿಟ್ಟಿದ್ದವರ ವಿಷಯ ಬೇರೆ. ಹತ್ತು ವರ್ಷ ತುಂಬಿಸಿ ಬಿಟ್ಟು, ಪಿಂಚಣಿ ಹಣವನ್ನು ತೆಗೆಯದೆ ಇಟ್ಟಿದ್ದರೆ ಹೆಂಡತಿಗೆ ಪೆನ್ಷನ್ ಉಂಟು. ತುಂಬದೆ ಬಿಟ್ಟಿದ್ದರೆ ಗಂಟು ಮಾತ್ರ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿ, ಆಮೇಲೆ ಬದಲಿಸದೆ ಬಿಟ್ಟವರು ಬಹಳ. ಆಗ ಪಿಎಫ್ ಮೊತ್ತಕ್ಕೆ ಅತ್ತೆ–ಸೊಸೆ ನಡುವೆ ತಕರಾರು ಏಳುತ್ತದೆ. ಆದರೆ ಪೆನ್ಷನ್ ಯೋಜನೆಯಲ್ಲಿ ಕುಟುಂಬ ಎಂದರೆ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ಮಾತ್ರ; ತಂದೆ-ತಾಯಿ ಅದರಲ್ಲಿಲ್ಲ. ಇವರ್‍ಯಾರೂ ಇಲ್ಲದೆ, ನಾಮಿನಿಯೂ ಇಲ್ಲದಿದ್ದಾಗ ಮಾತ್ರ ಅವಲಂಬಿತ ತಂದೆಗೆ, ಆಮೇಲೆ ತಾಯಿಗೆ ಬರುತ್ತದೆ. ಹಾಗಾಗಿ ಪಿಎಫ್ ಜಗಳ ತೀರಲಿ ಎಂದು ಕಾಯುತ್ತ ಕೂರದೆ 10-ಡಿಯನ್ನು ಈಗಲೇ ಕೊಡಿ.